ವಧದಂಡದ ವಿಚಾರ

ಮರಣದಂಡನೆ ಕ್ರೂರವಾದುದೆ? ಕ್ರೂರವೆಂದಾದರೆ ಅದು ನಮ್ಮ ದಂಡಸಂಹಿತೆಯಲ್ಲಿ ಉಳಿಯಬೇಕೆ? ಕಾಲೇಜುಗಳ ಚರ್ಚಾಕೂಟಗಳಲ್ಲಿ ಈ ವಿಷಯ ಎಷ್ಟು ಸಲ ಬಂದುಹೋಗಿದೆಯೋ ಲೆಕ್ಕವಿಲ್ಲ. ಪರವಾಗಿ ಮಾತನಾಡುವವನಿಗೆ ಚಪ್ಪಾಳೆ ಹೆಚ್ಚು. ವಿರೋಧಿಸುವವನು ಗಾಂಧೀಜಿಯವರ ಹೆಸರನ್ನು ಹೇಳಿ ಕುಳಿತುಕೊಳ್ಳುತ್ತಾನೆ. ತೀರ್ಪುಗಾರರು ಇಬ್ಬರ ವಾಗ್ಝರಿಯನ್ನೂ ಮೆಚ್ಚಿ ಬಹುಮಾನ ಹಂಚುತ್ತಾರೆ. ಆದರೆ ಎಲ್ಲಿಯೋ ಒಂದು ಘೋರ ಕೃತ್ಯ ನಡೆದ ಸುದ್ದಿ ಬಂದ ದಿನ ಇದೇ ವಿಷಯ ವೇದಿಕೆಯಿಂದ ಇಳಿದು ಬೀದಿಗೆ ಬರುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಕಡೆಯ ಮಕ್ಕಳಿಗೆ ಕನ್ನಡ ಪಾಠ ಹೇಳುವ ನನ್ನಂಥವನು ಅಂಥ ದಿನಗಳಲ್ಲಿ ತರಗತಿಗೆ ಹೋದರೆ ಪುಸ್ತಕ ತೆರೆಯುವುದು ಕಷ್ಟವಾಗುತ್ತದೆ. "ಅಂಥವನನ್ನು ಗಲ್ಲಿಗೆ ಹಾಕಬೇಡವೆ, ಸರ್?" ಎಂದು ಹುಡುಗಿಯರು ಕೇಳುತ್ತಾರೆ. ಆ ಪ್ರಶ್ನೆಯಲ್ಲಿರುವ ಸಂಕಟ ನಿಜವಾದುದು. ಅದಕ್ಕೆ ಉತ್ತರವೂ ನಿಜವಾಗಿರಬೇಕು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮರಣದಂಡನೆ ಕ್ರೂರವಾದುದು, ಅದು ಕಾಯಿದೆಯಿಂದ ಹೋಗಬೇಕು. ಆದರೆ ಈ ಅಭಿಪ್ರಾಯಕ್ಕೆ ಕರುಣೆಯೊಂದೇ ಆಧಾರವೆಂದು ವಾಚಕರು ಭಾವಿಸಬಾರದು. ಕೊಲೆಯಾದವರ ಮನೆಯ ಹೊಸ್ತಿಲಲ್ಲಿ ನಿಂತು ಕೊಲೆಗಾರನ ಮೇಲೆ ಕರುಣೆ ತೋರಿರೆಂದು ಉಪದೇಶಿಸುವುದು ಸಭ್ಯತೆಯಲ್ಲ. ನಾನು ಕೇಳಬೇಕೆಂದಿರುವುದು ಬೇರೆ: ದಂಡ ವಿಧಿಸುವ ಕೈ ಎಷ್ಟು ಸ್ಥಿರವಾಗಿದೆ? ಅದು ಹಿಡಿದ ತಕ್ಕಡಿ ಎಷ್ಟು ನೇರವಾಗಿದೆ? ಮತ್ತೆ ತಿದ್ದಲಾಗದ ಶಿಕ್ಷೆಯೊಂದನ್ನು ಆ ಕೈಗೆ ಒಪ್ಪಿಸಬಹುದೆ?

ದಂಡದ ವಿಚಾರ ನಮ್ಮ ಸೀಮೆಗೆ ಹೊಸದಲ್ಲ. ಶಹಾಬಾದ ಸಮೀಪದ ಮರತೂರು ವಿಜ್ಞಾನೇಶ್ವರನ ಹೆಸರಿನೊಡನೆ ಕೂಡಿಕೊಂಡ ಊರು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದು ಭರತಖಂಡದ ಬಹುಭಾಗಕ್ಕೆ ದಾಯಭಾಗದ ನಿಯಮಗಳನ್ನು ಕಲಿಸಿದ ಪಂಡಿತ ಅವನು. ಅವನು ವ್ಯಾಖ್ಯಾನಿಸಿದ ಸ್ಮೃತಿ ದಂಡವನ್ನು ನಾಲ್ಕು ಬಗೆಯಾಗಿ ಹೇಳುತ್ತದೆ: ಧಿಕ್ಕಾರ, ಕಠಿಣವಾದ ಮಾತು, ಧನದಂಡ, ವಧದಂಡ. ಇವನ್ನು ಬಿಡಿಯಾಗಿಯೋ ಕೂಡಿಯೋ ಅಪರಾಧಕ್ಕೆ ತಕ್ಕಂತೆ ವಿಧಿಸಬೇಕೆಂದು ಹೇಳಿ, ಅದಕ್ಕೆ ಹೊಂದಿಕೊಂಡಂತೆ ಮತ್ತೊಂದು ಮಾತನ್ನು ಸೇರಿಸುತ್ತದೆ. ಅಪರಾಧವನ್ನಷ್ಟೇ ನೋಡಿದರೆ ಸಾಲದು. ದೇಶ, ಕಾಲ, ಅಪರಾಧಿಯ ಶಕ್ತಿ, ವಯಸ್ಸು, ಕಸುಬು, ಸ್ಥಿತಿಗತಿ ಇವನ್ನೆಲ್ಲ ಅರಿತು ದಂಡ ವಿಧಿಸಬೇಕು. ಹೀಗೆ ಕೃತ್ಯದ ಜೊತೆಗೆ ಕೃತ್ಯ ಮಾಡಿದವನನ್ನೂ ತೂಗಬೇಕೆಂಬ ವಿವೇಕ ನಮ್ಮಲ್ಲಿ ಹಳೆಯದು. ಅದೇ ಧರ್ಮಶಾಸ್ತ್ರಪರಂಪರೆಯು ಬ್ರಾಹ್ಮಣನಿಗೆ ವಧದಂಡವಿಲ್ಲವೆಂದು ವಿನಾಯತಿ ಕೊಟ್ಟಿತೆಂಬುದನ್ನೂ ಇಲ್ಲಿ ಮರೆಮಾಚಬಾರದು. ತೂಕದ ಕಲ್ಲು ಜಾತಿಯಿಂದ ಜಾತಿಗೆ ಬದಲಾಗುತ್ತಿತ್ತು. ಈ ಎರಡು ನೆನಪುಗಳನ್ನೂ ಒಟ್ಟಿಗೆ ಇಟ್ಟುಕೊಂಡು ಮುಂದುವರಿಯೋಣ; ಎರಡೂ ಮುಂದೆ ಬೇಕಾಗುತ್ತವೆ.

ಇಂದಿನ ಕಾಯಿದೆ ಏನು ಹೇಳುತ್ತದೆ? 1980ರಲ್ಲಿ ಬಚ್ಚನ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ಮರಣದಂಡನೆ ಸಂವಿಧಾನಬಾಹಿರವಲ್ಲವೆಂದು ನಾಲ್ಕು-ಒಂದರ ಬಹುಮತದಿಂದ ತೀರ್ಮಾನಿಸಿತು. ಭಿನ್ನಮತ ತಳೆದವರು ನ್ಯಾಯಮೂರ್ತಿ ಪಿ. ಎನ್. ಭಗವತಿಯವರು. ಬಹುಮತದ ತೀರ್ಪೂ ಒಂದು ಬೇಲಿ ಹಾಕಿತು: ಕೊಲೆಗೆ ಜೀವಾವಧಿ ಶಿಕ್ಷೆಯೇ ನಿಯಮ, ಮರಣದಂಡನೆ ಅಪವಾದ, ಅದೂ ಅಪರೂಪದಲ್ಲಿ ಅಪರೂಪವಾದ ಪ್ರಕರಣಗಳಲ್ಲಿ, ಬೇರೆ ದಾರಿಯೇ ಇಲ್ಲವೆಂದಾಗ ಮಾತ್ರ. ಕೃತ್ಯದ ಘೋರತೆಯನ್ನೂ ಅಪರಾಧಿಯ ಬಾಳಿನ ಸಂದರ್ಭವನ್ನೂ ಒಟ್ಟಾಗಿ ತೂಗಬೇಕು. ಮರಣದಂಡನೆಗೆ ವಿಶೇಷ ಕಾರಣಗಳನ್ನು ಬರೆದಿಡಬೇಕೆಂಬ ಹಳೆಯ ವಿಧಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಉಳಿದುಕೊಂಡಿದೆ. ಸೂತ್ರವೇನೋ ಚೆನ್ನಾಗಿದೆ; ಸ್ಮೃತಿಕಾರನೂ ತಲೆದೂಗುತ್ತಿದ್ದ. ಪ್ರಶ್ನೆ ಇರುವುದು ಪ್ರಯೋಗದಲ್ಲಿ.

ಪ್ರಯೋಗವನ್ನು ಪರೀಕ್ಷಿಸಲು ಸುಲಭವಾದ ಉದಾಹರಣೆಯನ್ನು ಆರಿಸಿಕೊಳ್ಳುವುದು ಪ್ರಾಮಾಣಿಕತೆಯಲ್ಲ. ನನ್ನ ವಾದಕ್ಕೆ ಅತ್ಯಂತ ಕಷ್ಟವಾದ ಪ್ರಕರಣವನ್ನೇ ತೆಗೆದುಕೊಳ್ಳುತ್ತೇನೆ. ಅದು ನಮ್ಮ ಕಲಬುರಗಿ ಜಿಲ್ಲೆಯದೇ. ನ್ಯಾಯಾಲಯದ ವರದಿಗಳಲ್ಲಿ ಅದಕ್ಕೆ 'ಸಾಯಿಬಣ್ಣ ವಿರುದ್ಧ ಕರ್ನಾಟಕ ರಾಜ್ಯ' ಎಂದು ಹೆಸರು. ಮೊದಲ ಹೆಂಡತಿಯನ್ನು ಕೊಂದು ಜೀವಾವಧಿ ಶಿಕ್ಷೆಗೆ ಗುರಿಯಾದವನು, 1994ರಲ್ಲಿ ಪೆರೋಲಿನ ಮೇಲೆ ಹೊರಬಂದಿದ್ದಾಗ ಎರಡನೆಯ ಹೆಂಡತಿಯನ್ನೂ ಎಳೆಯ ಮಗಳನ್ನೂ ಕೊಂದನು. ಇದಕ್ಕಿಂತ ಎದೆನಡುಗಿಸುವ ಕೃತ್ಯ ಇನ್ನೇನಿದೆ? ಸೆರೆಯಲ್ಲಿಟ್ಟರೂ ತಿದ್ದಿಕೊಳ್ಳದವನು, ಬಿಟ್ಟರೆ ಮತ್ತೆ ಕೊಲ್ಲುವವನು. ಇಂಥವನಿಗೂ ಗಲ್ಲು ಬೇಡವೆನ್ನುವಿರಾ ಎಂದು ಕೇಳುವವರಿಗೆ ಇದಕ್ಕಿಂತ ಪ್ರಬಲವಾದ ಆಧಾರ ಸಿಕ್ಕದು. ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಮರಣದಂಡನೆಯನ್ನು ಎತ್ತಿಹಿಡಿಯಿತು.

ಆದರೆ ಆ ತೀರ್ಪಿನ ತರ್ಕವನ್ನು ನೋಡಿ. ಈಗಾಗಲೇ ಜೀವಾವಧಿ ಶಿಕ್ಷೆ ಅನುಭವಿಸುತ್ತಿರುವವನಿಗೆ ಮತ್ತೊಂದು ಜೀವಾವಧಿ ಶಿಕ್ಷೆ ಕೊಟ್ಟರೆ ಅರ್ಥವೇನು? ಇರುವುದೊಂದೇ ಜೀವ, ಒಂದೇ ಅವಧಿ ಎಂಬುದು ಅದರ ಒಂದು ಮುಖ್ಯ ಕಾರಣ. ಮೇಲುನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಈ ತರ್ಕವನ್ನು ಒಪ್ಪಿದರೆ, ಜೀವಾವಧಿ ಕೈದಿ ಕೊಲೆ ಮಾಡಿದಾಗಲೆಲ್ಲ ಗಲ್ಲು ಅನಿವಾರ್ಯವಾಗುತ್ತದೆ. ನ್ಯಾಯಾಧೀಶನು ತೂಗಿ ನೋಡುವುದಕ್ಕೆ ಏನೂ ಉಳಿಯುವುದಿಲ್ಲ. ಹಳೆಯ ದಂಡಸಂಹಿತೆಯ 303ನೆಯ ಕಲಮು ಹೇಳುತ್ತಿದ್ದುದೂ ಇದನ್ನೇ. ತೂಗಿ ನೋಡುವ ಅವಕಾಶವಿಲ್ಲದ ದಂಡ ನ್ಯಾಯವಲ್ಲವೆಂಬ ಕಾರಣಕ್ಕಾಗಿ ಅದೇ ಸರ್ವೋಚ್ಚ ನ್ಯಾಯಾಲಯ 1983ರ ಮಿಟ್ಠೂ ಪ್ರಕರಣದಲ್ಲಿ ಆ ಕಲಮನ್ನು ರದ್ದುಮಾಡಿತ್ತು. ಮುಂಬಾಗಿಲಿನಿಂದ ಹೊರಹಾಕಿದ್ದು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಂತಾಯಿತು. ಮುಂದೆ ಆದುದನ್ನೂ ಕೇಳಿ. ಕೈದಿಯ ದಯಾಭಿಕ್ಷೆಯ ಅರ್ಜಿ ಏಳು ವರ್ಷಗಳಿಗೂ ಮಿಕ್ಕಿ ಕಚೇರಿಯಿಂದ ಕಚೇರಿಗೆ ಅಲೆದು 2013ರ ಜನವರಿಯಲ್ಲಿ ತಿರಸ್ಕೃತವಾಯಿತು. ಅವನು ಉಚ್ಚ ನ್ಯಾಯಾಲಯದ ಮೊರೆಹೋದನು. 2023ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ, ಆ ವಿಳಂಬವನ್ನು ಮುಖ್ಯವಾಗಿ ಗಣಿಸಿ, ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಕೃತ್ಯ ನಡೆದು ಸುಮಾರು ಮೂವತ್ತು ವರ್ಷಗಳಾದ ಮೇಲೆ, ಮೊದಲ ದಿನವೇ ಕೊಡಬಹುದಾಗಿದ್ದ ಶಿಕ್ಷೆಗೆ ಬಂದು ನಿಂತಿತು. ಈ ನಡುವೆ ಸತ್ತ ಆ ತಾಯಿ-ಮಗಳ ಬಂಧುಗಳಿಗೆ ಈ ರಾಜ್ಯಯಂತ್ರ ಏನು ಕೊಟ್ಟಿತು? ಇಂದು ತೀರೀತು, ನಾಳೆ ತೀರೀತು ಎಂಬ ನಿರೀಕ್ಷೆಯೊಂದನ್ನು ಕೊಟ್ಟಿತು, ಅಷ್ಟೆ. 2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 104ನೆಯ ಕಲಮು ಇಂಥ ಕೊಲೆಗಾರನಿಗೆ ಮರಣದಂಡನೆ ಇಲ್ಲವೆ ಸಾಯುವವರೆಗಿನ ಸೆರೆವಾಸ ಎಂದು ಹೇಳುತ್ತದೆ. ಒಂದೇ ಜೀವ, ಒಂದೇ ಅವಧಿ ಎಂಬ ತೊಡಕನ್ನು ಕಾಯಿದೆಯೇ ಬಿಡಿಸಿದೆ. ನೇಣಿಲ್ಲದೆಯೂ ಸಮಾಜವನ್ನು ರಕ್ಷಿಸಬಹುದೆಂದು ಒಪ್ಪಿಕೊಂಡಿದೆ.

ಇನ್ನು ಕ್ರೌರ್ಯದ ಮಾತು. ನೇಣಿನ ಹಗ್ಗ ಬಿಗಿಯುವ ಆ ಕೆಲವು ಕ್ಷಣಗಳ ನೋವನ್ನೇ ಕ್ರೌರ್ಯವೆಂದು ನಾವು ಎಣಿಸುತ್ತೇವೆ. ಅದಕ್ಕಿಂತ ನೋವಿಲ್ಲದ ಉಪಾಯ ಯಾವುದೆಂದು ವಾದಿಸುತ್ತೇವೆ. ಆದರೆ ಕ್ರೌರ್ಯ ಆ ಕ್ಷಣದಲ್ಲಿ ಅಡಗಿಲ್ಲ; ಅದಕ್ಕೆ ಮುಂಚಿನ ವರ್ಷಗಳಲ್ಲಿದೆ. ಕರ್ನಾಟಕದ ಗಲ್ಲುಮನೆ ಇರುವುದು ಬೆಳಗಾವಿಯ ಹಿಂಡಲಗಾ ಸೆರೆಮನೆಯಲ್ಲಿ. ಬೆಂಗಳೂರಿನಲ್ಲಿ ನಡೆದ ಅತ್ಯಾಚಾರ ಮತ್ತು ಕೊಲೆಗಾಗಿ ಮರಣದಂಡನೆಗೆ ಗುರಿಯಾದ ಬಿ. ಎ. ಉಮೇಶ್ ಎಂಬ ಕೈದಿಯನ್ನು 2006ರಿಂದ ಸುಮಾರು ಹತ್ತು ವರ್ಷಗಳ ಕಾಲ ಅಲ್ಲಿ ಏಕಾಂತ ಕೋಣೆಯಲ್ಲಿ ಇಡಲಾಗಿತ್ತು. ದಯಾಭಿಕ್ಷೆಯವರೆಗಿನ ಎಲ್ಲ ಬಾಗಿಲುಗಳೂ ಮುಚ್ಚುವ ತನಕ ಯಾವ ಕೈದಿಯನ್ನೂ ಮರಣದಂಡನೆಯ ಹೆಸರಿನಲ್ಲಿ ಹೀಗೆ ಒಬ್ಬಂಟಿಯಾಗಿ ಇಡಬಾರದೆಂದು ಸುನಿಲ್ ಬಾತ್ರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1978ರಲ್ಲಿ. ಆ ಮಾತು ಹಿಂಡಲಗಾದ ಗೋಡೆಯನ್ನು ದಾಟಲು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. 2022ರ ನವೆಂಬರ್ 4ರಂದು ಸರ್ವೋಚ್ಚ ನ್ಯಾಯಾಲಯ, ಆ ಏಕಾಂತವಾಸ ಕೈದಿಯ ಮನಸ್ಸಿನ ಮೇಲೆ ಮಾಡಿದ ಪರಿಣಾಮವನ್ನು ಪರಿಗಣಿಸಿ, ಶಿಕ್ಷೆಯನ್ನು ಕನಿಷ್ಠ 30 ವರ್ಷಗಳ ಸೆರೆವಾಸಕ್ಕೆ ಇಳಿಸಿತು.

ಪಾಲಾರ್ ಪ್ರಕರಣವನ್ನೂ ನೆನೆಯಬೇಕು. 1993ರ ಏಪ್ರಿಲ್ 9ರಂದು ವೀರಪ್ಪನ್ ತಂಡದ ನೆಲಬಾಂಬಿಗೆ ಇಪ್ಪತ್ತೆರಡು ಮಂದಿ ಬಲಿಯಾದರು. ಕರ್ತವ್ಯಕ್ಕೆ ಹೊರಟವರು ಮನೆಗೆ ಮರಳಲಿಲ್ಲ. ಆ ಮನೆಗಳ ದುಃಖಕ್ಕೆ ಸಮಾಧಾನ ಹೇಳುವ ಶಕ್ತಿ ಯಾವ ತೀರ್ಪಿಗೂ ಇಲ್ಲ. ಮೈಸೂರಿನ ವಿಶೇಷ ನ್ಯಾಯಾಲಯ ನಾಲ್ವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಮೇಲ್ಮನವಿಗೆ ಹೋದಾಗ ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ಅದನ್ನು ಮರಣದಂಡನೆಗೆ ಏರಿಸಿತು. ಒಂಬತ್ತು ವರ್ಷಗಳಾದ ಮೇಲೆ, 2013ರಲ್ಲಿ, ದಯಾಭಿಕ್ಷೆ ತಿರಸ್ಕೃತವಾಯಿತು. 2014ರ ಜನವರಿ 21ರಂದು ಅದೇ ಸರ್ವೋಚ್ಚ ನ್ಯಾಯಾಲಯ, ಕಾರಣವಿಲ್ಲದ ವಿಳಂಬವೇ ಒಂದು ಹಿಂಸೆಯೆಂದು ಹೇಳಿ, ಅವರೂ ಸೇರಿದಂತೆ ಹದಿನೈದು ಮಂದಿಯ ಶಿಕ್ಷೆಯನ್ನು ಜೀವಾವಧಿಗೆ ಮಾರ್ಪಡಿಸಿತು. ಜೀವಾವಧಿಯಿಂದ ಗಲ್ಲಿಗೆ, ಗಲ್ಲಿನಿಂದ ಜೀವಾವಧಿಗೆ: ಹೀಗೆ ಮನುಷ್ಯನನ್ನು ಹಗ್ಗದ ಕೆಳಗೆ ನಿಲ್ಲಿಸಿ, ಇಳಿಸಿ, ಮತ್ತೆ ನಿಲ್ಲಿಸುವುದು ಅವನ ಶಿಕ್ಷೆಯ ಯಾವ ಕಲಮಿನಲ್ಲಿಯೂ ಬರೆದಿಲ್ಲ. ವಿಳಂಬವಾಗದಂತೆ ಬೇಗ ಬೇಗನೆ ಗಲ್ಲಿಗೇರಿಸಿದರೆ ಈ ತೊಂದರೆಯಿಲ್ಲವಲ್ಲ ಎಂದು ಕೆಲವರು ಹೇಳಬಹುದು. ಅವರಿಗೆ ಮುಂದಿನ ಪ್ರಸಂಗವೇ ಉತ್ತರ.

ನೆರೆಯ ಮಹಾರಾಷ್ಟ್ರದಲ್ಲಿ 2003ರಲ್ಲಿ ಒಂದು ಭೀಕರ ದರೋಡೆ ಮತ್ತು ಕೊಲೆ ನಡೆಯಿತು. ಅಲೆಮಾರಿ ಬುಡಕಟ್ಟಿಗೆ ಸೇರಿದ ಆರು ಮಂದಿಯನ್ನು ಹಿಡಿದರು. ಉಚ್ಚ ನ್ಯಾಯಾಲಯ ಅವರಲ್ಲಿ ಮೂವರಿಗೆ ಗಲ್ಲು ತಪ್ಪಿಸಿದ್ದರೂ 2009ರಲ್ಲಿ ಸರ್ವೋಚ್ಚ ನ್ಯಾಯಾಲಯ ಆರು ಮಂದಿಗೂ ಮರಣದಂಡನೆಯನ್ನೇ ಗೊತ್ತುಮಾಡಿತು. 2019ರ ಮಾರ್ಚ್ 5ರಂದು, ಪುನಃ ವಿಚಾರಣೆಯಾಗಿ, ಆರು ಮಂದಿಯೂ ನಿರಪರಾಧಿಗಳೆಂದು ಅದೇ ನ್ಯಾಯಾಲಯ ಬಿಡುಗಡೆ ಮಾಡಿತು. ಒಬ್ಬೊಬ್ಬರಿಗೂ ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಜ್ಞಾಪಿಸಿತು. ಹದಿನಾರು ವರ್ಷಗಳು ಹೋಗಿದ್ದವು; ಆದರೆ ಜೀವಗಳು ಉಳಿದಿದ್ದವು. ಬೇಗ ಬೇಗನೆ ಗಲ್ಲಿಗೇರಿಸಿದ್ದರೆ ಆ ಐದು ಲಕ್ಷವನ್ನು ಯಾರ ಕೈಗೆ ಕೊಡುತ್ತಿದ್ದರು? ಇಂಗ್ಲೆಂಡಿನಲ್ಲಿ ಟಿಮೊಥಿ ಇವಾನ್ಸ್ ಎಂಬವನನ್ನು ತನ್ನ ಮಗುವನ್ನು ಕೊಂದನೆಂದು 1950ರಲ್ಲಿ ನೇಣುಹಾಕಿದರು. ಅದೇ ಮನೆಯಲ್ಲಿ ವಾಸವಾಗಿದ್ದ ಮತ್ತೊಬ್ಬನು ಸರಣಿ ಕೊಲೆಗಾರನೆಂದು ಕೆಲವೇ ವರ್ಷಗಳಲ್ಲಿ ಬಯಲಾಯಿತು. 1966ರಲ್ಲಿ ಸತ್ತವನಿಗೆ ಕ್ಷಮೆ ದೊರೆಯಿತು. ಸಮಾಧಿಗೆ ಕೊಡುವ ಕ್ಷಮೆ ಬದುಕಿರುವವರ ಮನಸ್ಸಾಕ್ಷಿಗೆ ಸಂದ ಪರಿಹಾರವೇ ಹೊರತು ಸತ್ತವನಿಗೆ ಸಂದದ್ದಲ್ಲ.

ಸಾಕ್ಷ್ಯದಲ್ಲಿ ಮಾತ್ರವಲ್ಲ, ಕಾಯಿದೆಯನ್ನು ಅರ್ಥಮಾಡುವುದರಲ್ಲಿಯೂ ತಪ್ಪಾಗುತ್ತದೆ. 1996ರ ರಾವ್‌ಜಿ ಪ್ರಕರಣದಲ್ಲಿ ಕೃತ್ಯವನ್ನಷ್ಟೇ ನೋಡಿದರೆ ಸಾಕು, ಕೃತ್ಯ ಮಾಡಿದವನನ್ನು ನೋಡಬೇಕಾಗಿಲ್ಲವೆಂಬ ಅರ್ಥದ ತೀರ್ಪು ಬಂದಿತು. ಅದನ್ನು ನಂಬಿ ಮುಂದೆ ಹಲವು ಮರಣದಂಡನೆಗಳಾದವು. 2009ರಲ್ಲಿ ಅದೇ ನ್ಯಾಯಾಲಯದ ಮತ್ತೊಂದು ಪೀಠ, ಆ ತೀರ್ಪು ಬಚ್ಚನ್ ಸಿಂಗ್ ತೀರ್ಪಿಗೆ ವಿರುದ್ಧವಾಗಿ, ಅದನ್ನು ಗಮನಿಸದೆ ಕೊಟ್ಟದ್ದೆಂದು ಸಾರಿತು. ಅಷ್ಟು ಹೊತ್ತಿಗೆ ಅಂಥ ತೀರ್ಪುಗಳ ಮೇಲೆ ಇಬ್ಬರನ್ನು ನೇಣುಹಾಕಿಯಾಗಿತ್ತು. 2012ರಲ್ಲಿ ಹದಿನಾಲ್ಕು ಮಂದಿ ನಿವೃತ್ತ ನ್ಯಾಯಾಧೀಶರು ರಾಷ್ಟ್ರಪತಿಗಳಿಗೆ ಪತ್ರ ಬರೆದು, ಹೀಗೆ ತಪ್ಪಾಗಿ ಮರಣದಂಡನೆಗೆ ಗುರಿಯಾದವರ ಶಿಕ್ಷೆಯನ್ನು ಬದಲಿಸಬೇಕೆಂದು ಕೇಳಿಕೊಂಡರು. ನ್ಯಾಯಪೀಠದ ಮೇಲೆ ಕುಳಿತು ಬಂದವರೇ ಹೀಗೆ ಹೇಳಿದಾಗ ಹೊರಗಿನವರಾದ ನಾವು ಅದನ್ನು ಹಗುರವಾಗಿ ಕಾಣಬಾರದು. ಮಿತಾಕ್ಷರಾಕಾರನು ತೂಗಿ ನೋಡಬೇಕೆಂದ ವಯಸ್ಸು, ಕಸುಬು, ಸ್ಥಿತಿಗತಿಗಳನ್ನು ತೂಗದೆ ಬಿಟ್ಟದ್ದಕ್ಕೆ ಎರಡು ಜೀವಗಳು ತೆತ್ತುಹೋದವು.

ಈಗ ಹಳೆಯ ವಿನಾಯತಿಯ ನೆನಪಿಗೆ ಮರಳೋಣ. ಜಾತಿ ನೋಡಿ ದಂಡ ಹಾಕುವ ಕಾಲ ಹೋಯಿತೆಂದು ನಾವು ಹೆಮ್ಮೆಪಡುತ್ತೇವೆ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದವರು ದೇಶದ ಸೆರೆಮನೆಗಳಲ್ಲಿದ್ದ ಮರಣದಂಡಿತರನ್ನು ಕಂಡು ಮಾತನಾಡಿಸಿ 2016ರಲ್ಲಿ ಒಂದು ವರದಿ ಪ್ರಕಟಿಸಿದರು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಆರ್ಥಿಕವಾಗಿ ದುರ್ಬಲರು. ಕೆಳಗಿನ ನ್ಯಾಯಾಲಯಗಳು ಹದಿನೈದು ವರ್ಷಗಳಲ್ಲಿ ವಿಧಿಸಿದ ಮರಣದಂಡನೆಗಳಲ್ಲಿ ಮೇಲಿನ ನ್ಯಾಯಾಲಯಗಳವರೆಗೆ ಉಳಿದು ನಿಂತವು ನೂರಕ್ಕೆ ಐದಕ್ಕಿಂತ ಕಡಮೆ. ನೂರಕ್ಕೆ ಸುಮಾರು ಮೂವತ್ತು ಮಂದಿ ಪೂರ್ಣವಾಗಿ ಖುಲಾಸೆಯಾದರು. ಶಹಾಬಾದದ ಕಲ್ಲುಗಣಿಯಲ್ಲಿ ಪರಸಿ ಎತ್ತುವವನು, ವಾಡಿಯ ಸಿಮೆಂಟು ಕಾರ್ಖಾನೆಯ ಗೇಟಿನ ಹೊರಗೆ ದಿನಗೂಲಿಗಾಗಿ ಕಾಯುವವನು, ಚಿಂಚೋಳಿಯ ತಾಂಡಾದಿಂದ ಮುಂಬಯಿಗೋ ಪುಣೆಗೋ ಗುಳೆ ಹೋಗುವವನು: ಇಂಥವನೊಬ್ಬ ಕೊಲೆಯ ಆಪಾದನೆಗೆ ಸಿಕ್ಕಿದನೆಂದು ಭಾವಿಸಿ. ಅವನಿಗೆ ವಕೀಲನನ್ನು ಸರಕಾರ ಕೊಡುತ್ತದೆ, ನಿಜ. ಆದರೆ ಅವನ ಬಾಲ್ಯ, ಬಡತನ, ಬುದ್ಧಿಸ್ಥಿತಿ ಇವನ್ನೆಲ್ಲ ಕಲೆಹಾಕಿ ನ್ಯಾಯಾಧೀಶರ ಮುಂದೆ ಇಡುವವರು ಯಾರು? ಅಂಥ ವಿವರಗಳನ್ನು ವಿಚಾರಣೆಯ ಹಂತದಲ್ಲಿಯೇ ತರಿಸಿಕೊಳ್ಳಬೇಕೆಂದು ಸರ್ವೋಚ್ಚ ನ್ಯಾಯಾಲಯ ವಿಸ್ತಾರವಾಗಿ ನಿರ್ದೇಶಿಸಿದ್ದು 2022ರ ಮನೋಜ್ ಪ್ರಕರಣದಲ್ಲಿ. ಅಂದರೆ ಬಚ್ಚನ್ ಸಿಂಗ್ ತೀರ್ಪಾಗಿ ನಲವತ್ತೆರಡು ವರ್ಷಗಳ ಮೇಲೆ. ಸ್ಮೃತಿಯಲ್ಲಿ ಬರೆದಿದ್ದ ವಿನಾಯತಿ ಅಳಿದಿದೆ. ಬರೆಯದ ವಿನಾಯತಿಯೊಂದು ಹಣವುಳ್ಳವರ ಪಾಲಿಗೆ ಉಳಿದಿದೆ.

ಗಲ್ಲು ಇದ್ದರೆ ಕೊಲೆಗಳು ಕಡಮೆಯಾಗುತ್ತವೆಂಬುದು ಮತ್ತೊಂದು ವಾದ. ಹಾಗಿದ್ದರೆ ಗಲ್ಲನ್ನು ಬಿಟ್ಟ ದೇಶಗಳಲ್ಲಿ ಕೊಲೆಗಳು ಹೆಚ್ಚಬೇಕಾಗಿತ್ತು. ಜಗತ್ತಿನ ದೇಶಗಳಲ್ಲಿ ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚಿನವು ಕಾಯಿದೆಯಿಂದಲೋ ಆಚರಣೆಯಿಂದಲೋ ಮರಣದಂಡನೆಯನ್ನು ಕೈಬಿಟ್ಟಿವೆ. ನಮ್ಮ ನೆರೆಯ ನೇಪಾಳ, ಭೂತಾನಗಳೂ ಅವುಗಳಲ್ಲಿ ಸೇರಿವೆ. ನಮ್ಮ ದೇಶದಲ್ಲಿಯೇ ತಿರುವಾಂಕೂರು ಸಂಸ್ಥಾನ 1944ರಲ್ಲಿ ಅದನ್ನು ತೆಗೆದುಹಾಕಿತ್ತು. ಅಮೆರಿಕದ ರಾಷ್ಟ್ರೀಯ ಸಂಶೋಧನ ಮಂಡಳಿ ಈ ಬಗೆಗಿನ ಹಲವು ದಶಕಗಳ ಅಧ್ಯಯನಗಳನ್ನು ಪರಿಶೀಲಿಸಿ, ಮರಣದಂಡನೆ ಕೊಲೆಯನ್ನು ತಡೆಯುತ್ತದೆಂದಾಗಲಿ ತಡೆಯುವುದಿಲ್ಲವೆಂದಾಗಲಿ ಅವುಗಳಿಂದ ಹೇಳಲು ಬರುವುದಿಲ್ಲವೆಂದು 2012ರಲ್ಲಿ ವರದಿ ಮಾಡಿತು. ನಮ್ಮ ಕಾನೂನು ಆಯೋಗ 1967ರ ವರದಿಯಲ್ಲಿ ಮರಣದಂಡನೆ ಇರಲಿ ಎಂದಿತ್ತು. ಅದೇ ಆಯೋಗ, ನ್ಯಾಯಮೂರ್ತಿ ಎ. ಪಿ. ಷಾ ಅವರ ಅಧ್ಯಕ್ಷತೆಯಲ್ಲಿ, 2015ರ ತನ್ನ 262ನೆಯ ವರದಿಯಲ್ಲಿ ಭಯೋತ್ಪಾದನೆ ಮತ್ತು ರಾಷ್ಟ್ರದ ವಿರುದ್ಧ ಯುದ್ಧ ಸಾರುವುದನ್ನು ಬಿಟ್ಟು ಉಳಿದೆಲ್ಲ ಅಪರಾಧಗಳಿಗೂ ಅದನ್ನು ರದ್ದುಮಾಡಬೇಕೆಂದು ಶಿಫಾರಸು ಮಾಡಿತು. ಕೊಲ್ಲಲು ಹೊರಟವನು ಎದುರಿಗಿರುವುದು ಗಲ್ಲೋ ಸೆರೆಯೋ ಎಂದು ಲೆಕ್ಕಹಾಕುವುದಿಲ್ಲ. ಸಿಕ್ಕಿಬೀಳುವೆನೋ ಇಲ್ಲವೋ ಎಂಬುದನ್ನು ಮಾತ್ರ ಯೋಚಿಸುತ್ತಾನೆ. ಅಪರಾಧವನ್ನು ತಡೆಯುವುದು ಶಿಕ್ಷೆಯ ಖಚಿತತೆ, ಶಿಕ್ಷೆಯ ಘೋರತೆಯಲ್ಲ.

ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಇನ್ನೊಂದು ಸಂಗತಿಯನ್ನು ಗಮನಿಸಿದ್ದೇನೆ. ನೇಣಿನ ಕಂಬದ ಬಗೆಗೆ ಜನರ ನೆನಪಿಗೂ ರಾಜ್ಯದ ದಫ್ತರಕ್ಕೂ ಬಹಳ ಸಲ ತಾಳೆಯಾಗುವುದಿಲ್ಲ. 1831ರ ಜನವರಿ 26ರಂದು ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದವರ ದಫ್ತರದಲ್ಲಿ ಅವನು ದಂಗೆಕೋರ; ನಮ್ಮ ಲಾವಣಿಗಳಲ್ಲಿ ಅವನು ವೀರ. ಹಲಗಲಿಯ ಬೇಡರಲ್ಲಿ ಹತ್ತೊಂಬತ್ತು ಮಂದಿಯನ್ನು 1857ರ ಡಿಸೆಂಬರಿನಲ್ಲಿ ನೇಣುಹಾಕಿದರು. ಅವರ ಲಾವಣಿ ಇಂದಿಗೂ ಹಾಡಾಗಿ ಉಳಿದಿದೆ. ಕಾಸರಗೋಡು ಸೀಮೆಯ ಕಯ್ಯೂರಿನ ನಾಲ್ವರು ರೈತ ತರುಣರು 1943ರ ಮಾರ್ಚ್ 29ರಂದು ಕಣ್ಣಾನೂರಿನ ಸೆರೆಮನೆಯಲ್ಲಿ ನೇಣಿಗೇರಿದರು. ಅವರನ್ನು ಕುರಿತು ನಿರಂಜನರು 'ಚಿರಸ್ಮರಣೆ' ಬರೆದರು. ಆ ಮೊಕದ್ದಮೆಯಲ್ಲಿ ಐದನೆಯವನೊಬ್ಬ ಅಪ್ರಾಪ್ತ ವಯಸ್ಕನೆಂದು ಬದುಕಿಕೊಂಡ. ಕೆಲವು ತಿಂಗಳ ವಯಸ್ಸಿನ ವ್ಯತ್ಯಾಸ ಒಬ್ಬನನ್ನು ಬದುಕಿಸುತ್ತದೆ, ಇನ್ನೊಬ್ಬನನ್ನು ಕಾದಂಬರಿಯ ಪಾತ್ರವಾಗಿಸುತ್ತದೆ. ನಮ್ಮ ಸುರಪುರದ ರಾಜಾ ವೆಂಕಟಪ್ಪ ನಾಯಕನಿಗೆ 1858ರಲ್ಲಿ ವಿಧಿಸಿದ ಮರಣದಂಡನೆ ಮೊದಲು ಗಡೀಪಾರಿಗೆ, ಆಮೇಲೆ ನಾಲ್ಕು ವರ್ಷಗಳ ಸೆರೆಗೆ ಇಳಿಯಿತು. ಸೆರೆಗೆ ಒಯ್ಯುವ ದಾರಿಯಲ್ಲಿಯೇ ಅವನು ಗುಂಡಿನಿಂದ ಸತ್ತನೆಂಬುದು ಬೇರೆಯ ದುಃಖ. ಹಾಗೆಂದು ಕೊಲೆಗಾರರೆಲ್ಲ ವೀರರೆಂದು ನಾನು ಹೇಳುತ್ತಿಲ್ಲ. ಎಳೆಯ ಮಗುವನ್ನು ಕೊಂದವನಿಗೂ ರಾಯಣ್ಣನಿಗೂ ಹೋಲಿಕೆಯೇ ಸಲ್ಲದು. ಆದರೆ ರಾಜ್ಯದ ಕೈಯಲ್ಲಿ ಕೊಲ್ಲುವ ಅಧಿಕಾರವಿದ್ದಾಗ, ಯಾರನ್ನು ಕೊಲ್ಲಬೇಕೆಂಬುದನ್ನು ಆ ಕಾಲದ ಆಳುವವರೇ ಗೊತ್ತುಮಾಡುತ್ತಾರೆಂಬುದನ್ನು ಈ ಹೆಸರುಗಳು ನೆನಪಿಸುತ್ತವೆ.

ಕಲ್ಯಾಣದ ಕಥೆ ಇನ್ನೂ ಹತ್ತಿರದ್ದು. ವರ್ಣಭೇದವನ್ನು ಮೀರಿ ಮಕ್ಕಳ ಮದುವೆ ಮಾಡಿದ ಅಪರಾಧಕ್ಕಾಗಿ ಹರಳಯ್ಯ, ಮಧುವರಸರನ್ನು ಬಿಜ್ಜಳನು ಘೋರವಾಗಿ ಕೊಲ್ಲಿಸಿದನೆಂದು ಶರಣಪರಂಪರೆ ಹೇಳುತ್ತದೆ. ಆ ವಧೆಯಿಂದ ವ್ಯವಸ್ಥೆ ಉಳಿಯಿತೆ? ಬಿಜ್ಜಳನೇ ಕೊಲೆಯಾದ, ಕಲ್ಯಾಣ ಹಾಳಾಯಿತು. ಗಿರೀಶ ಕಾರ್ನಾಡರು ಆ ಕಾಲವನ್ನು ಕುರಿತ ತಮ್ಮ ನಾಟಕಕ್ಕೆ 'ತಲೆದಂಡ' ಎಂದು ಹೆಸರಿಟ್ಟದ್ದು ಅರ್ಥವತ್ತಾಗಿದೆ. ಅಲ್ಲಿ ತಲೆ ತೆತ್ತವರು ದಂಡಕ್ಕೆ ಗುರಿಯಾದವರು ಮಾತ್ರವಲ್ಲ. ದಂಡ ವಿಧಿಸಿದವನೂ ತೆತ್ತನು, ಊರೂ ತೆತ್ತಿತು.

ಸೇಡಂ ತಾಲ್ಲೂಕಿನ ಮಳಖೇಡ, ಅಂದಿನ ಮಾನ್ಯಖೇಟದಲ್ಲಿ, ಹತ್ತನೆಯ ಶತಮಾನದಲ್ಲಿ ಪುಷ್ಪದಂತ ಕವಿ ಅಪಭ್ರಂಶ ಭಾಷೆಯಲ್ಲಿ ಯಶೋಧರನ ಚರಿತ್ರೆಯನ್ನು ಬರೆದನು. ಕನ್ನಡದಲ್ಲಿ ಜನ್ನನು 1209ರಲ್ಲಿ ಅದೇ ಕಥೆಗೆ ಶಾಶ್ವತ ರೂಪ ಕೊಟ್ಟನು. ಅದರಲ್ಲಿ ಚಂಡಕರ್ಮನೆಂಬ ತಳಾರನೊಬ್ಬನಿದ್ದಾನೆ; ಇಂದಿನ ಭಾಷೆಯಲ್ಲಿ ಕೊತವಾಲ. ಕಳ್ಳರನ್ನು ಕೊಲ್ಲುವುದು ಅವನ ಕೆಲಸ. ಕೊಲ್ಲುವುದರ ಜೊತೆಗೆ ಅವನು ಪರೀಕ್ಷೆಯನ್ನೂ ಮಾಡುತ್ತಾನೆ: ಕಳ್ಳನನ್ನು ತುಂಡುತುಂಡಾಗಿ ಕಡಿದು ನೋಡಿದೆ, ಜೀವ ಕಾಣಲಿಲ್ಲ, ಸಾಯುವ ಮುಂಚೆ, ಸತ್ತ ಮೇಲೆ ತೂಗಿ ನೋಡಿದೆ, ತೂಕದಲ್ಲಿ ಭೇದವ��ಲ್ಲ, ಆದ್ದರಿಂದ ಜೀವವೆಂಬುದಿಲ್ಲ ಎಂದು ಮುನಿಯೊಡನೆ ವಾದಿಸುತ್ತಾನೆ. ಮುನಿ ಅವನ ಒಂದೊಂದು ಮಾತಿಗೂ ಉತ್ತರ ಕೊಟ್ಟು ತಿಳಿಯಹೇಳಿದ ಮೇಲೆ ಅವನ ಮನಸ್ಸು ತಿರುಗುತ್ತದೆ. ಕೊಲ್ಲುವ ಅಧಿಕಾರ ಕೊಲ್ಲುವವನ ದೃಷ್ಟಿಯನ್ನು ಹೇಗೆ ಕೆಡಿಸುತ್ತದೆಂಬುದಕ್ಕೆ ಇದಕ್ಕಿಂತ ಸೂಕ್ಷ್ಮವಾದ ನಿದರ್ಶನ ನನಗೆ ತಿಳಿಯದು. ಎದುರಿಗಿರುವ ಮನುಷ್ಯ ಅವನಿಗೆ ತೂಕದ ವಸ್ತುವಾಗಿಬಿಟ್ಟಿದ್ದಾನೆ. ಅದೇ ಕಾವ್ಯ ಸಂಕಲ್ಪಹಿಂಸೆಯ ಮಾತನ್ನೂ ಹೇಳುತ್ತದೆ: ಹಿಟ್ಟಿನ ಕೋಳಿಯನ್ನು ಕಡಿದರೂ ಕಡಿಯುವ ಸಂಕಲ್ಪ ಕಡಿದವನನ್ನು ಬಿಡಲಿಲ್ಲ. ರೊಚ್ಚಿಗೆದ್ದು ಮಾಡಿದ ಕೊಲೆಯಲ್ಲಿ ಸಂಕಲ್ಪ ಒಂದು ಗಳಿಗೆಯದು. ರಾಜ್ಯದ ಕೊಲೆಯಲ್ಲಿ ದಿನ ಗೊತ್ತುಮಾಡಿ, ಹಗ್ಗಕ್ಕೆ ಮರಳಿನ ಚೀಲ ಕಟ್ಟಿ ಪರೀಕ್ಷಿಸಿ, ವೈದ್ಯನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ವರ್ಷಗಳ ಕಾಲ ಹಿಡಿದಿಟ್ಟ ಸಂಕಲ್ಪವಿದೆ. ಆ ಸಂಕಲ್ಪ ಪ್ರಜಾರಾಜ್ಯದಲ್ಲಿ ನಮ್ಮೆಲ್ಲರ ಹೆಸರಿನಲ್ಲಿ ನಡೆಯುತ್ತದೆ.

ಹಾಗಾದರೆ ದಾರಿ ಯಾವುದು? ಆ ದಾರಿಯನ್ನೂ ಕರ್ನಾಟಕದ ಪ್ರಕರಣವೊಂದೇ ತೋರಿಸಿಕೊಟ್ಟಿದೆ. ಬೆಂಗಳೂರಿನಲ್ಲಿ ಹೆಂಡತಿಯನ್ನು ಕೊಂದು ಮನೆಯ ಅಂಗಳದಲ್ಲಿಯೇ ಹೂತಿಟ್ಟ ಸ್ವಾಮಿ ಶ್ರದ್ಧಾನಂದನ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಶಿಕ್ಷೆಯ ವಿಷಯದಲ್ಲಿ ಭಿನ್ನಮತ ತಳೆದರು. ಆಗ ಮೂವರ ಪೀಠ 2008ರ ಜುಲೈ 22ರಂದು ಗಲ್ಲನ್ನು ತಪ್ಪಿಸಿ, ಜೀವವಿರುವವರೆಗೂ ಬಿಡುಗಡೆಯಿಲ್ಲದ ಸೆರೆವಾಸವನ್ನು ವಿಧಿಸಿತು. ಹದಿನಾಲ್ಕು ವರ್ಷಕ್ಕೆ ಹೊರಬರುತ್ತಾನೆಂಬ ಜನರ ಆತಂಕಕ್ಕೂ, ಮರಳಿ ಪಡೆಯಲಾಗದ ನೇಣಿಗೂ ನಡುವೆ ಒಂದು ಮೆಟ್ಟಿಲನ್ನು ಆ ತೀರ್ಪು ಕಟ್ಟಿತು. 2015ರಲ್ಲಿ ಸಂವಿಧಾನಪೀಠವೂ ಅದನ್ನು ಬಹುಮತದಿಂದ ಒಪ್ಪಿತು. ಮರಣದಂಡನೆಯ ನಿರ್ಧಾರದಲ್ಲಿ ನ್ಯಾಯಮೂರ್ತಿಗಳ ವೈಯಕ್ತಿಕ ಒಲವು ಎಷ್ಟೋ ಸಲ ಕೆಲಸಮಾಡುತ್ತದೆಂಬುದನ್ನು ಆ ತೀರ್ಪು ಮುಚ್ಚುಮರೆಯಿಲ್ಲದೆ ಹೇಳಿದ್ದು ಅದರ ಹಿರಿಮೆ. ಬಾಗಿಲೇ ಇಲ್ಲದ ಸೆರೆಯೂ ಕ್ರೂರವಲ್ಲವೆ ಎಂದು ಕೇಳಬಹುದು. ಹೌದು, ಅದೂ ಕಠಿಣವಾದುದೇ. ಬಹಳ ವರ್ಷಗಳ ಮೇಲಾದರೂ ಅದನ್ನು ಪುನರ್ವಿಮರ್ಶೆಗೆ ಒಳಪಡಿಸುವ ಅವಕಾಶವಿರಬೇಕೆಂದು ನಾನು ಬಯಸುತ್ತೇನೆ. ಆದರೆ ತಪ್ಪಾಗಿದೆಯೆಂದು ತಿಳಿದ ದಿನ ಸೆರೆಯ ಬೀಗವನ್ನು ತೆರೆಯಬಹುದು. ಗೋರಿಯ ಬೀಗವನ್ನು ತೆರೆಯಲಾಗದು.

ಭಯೋತ್ಪಾದನೆಗೆ ಮಾತ್ರ ಗಲ್ಲು ಇರಲೆಂಬ ಕಾನೂನು ಆಯೋಗದ ಅಪವಾದವನ್ನು ನಾನು ಗೌರವದಿಂದಲೇ ಒಪ್ಪಲಾರೆ. ಸಾಯಲೆಂದೇ ಬಂದವನಿಗೆ ಸಾವಿನ ಭಯವಿಲ್ಲ. ಮೇಲಾಗಿ ಜನರ ರೋಷ ಅತ್ಯಂತ ಹೆಚ್ಚಾಗಿರುವ ಮೊಕದ್ದಮೆಗಳಲ್ಲಿಯೇ ಸಾಕ್ಷ್ಯ ತಪ್ಪುವ ಸಂಭವವೂ ಹೆಚ್ಚು. 1949ರ ಜೂನ್ 3ರಂದು ಸಂವಿಧಾನಸಭೆಯಲ್ಲಿ ಡಾ. ಅಂಬೇಡ್ಕರರು, ಮೇಲ್ಮನವಿಯ ಏರ್ಪಾಡುಗಳ ಬಗೆಗೆ ಚರ್ಚಿಸುವುದಕ್ಕಿಂತ ಮರಣದಂಡನೆಯನ್ನೇ ರದ್ದುಮಾಡುವುದನ್ನು ತಾವು ಬೆಂಬಲಿಸುವುದಾಗಿ ಹೇಳಿದರು. ಜನರು ಆಚರಣೆಯಲ್ಲಿ ತಪ್ಪಿದರೂ ಅಹಿಂಸೆಯನ್ನು ನೀತಿಯ ಕಟ್ಟಳೆಯೆಂದು ನಂಬಿದ್ದಾರೆಂಬುದು ಅವರು ಕೊಟ್ಟ ಕಾರಣ. ಆ ಮಾತಾಗಿ ಮುಕ್ಕಾಲು ಶತಮಾನ ಕಳೆದಿದೆ.

ಕೊಲೆಯಾದವರ ಮನೆಯವರಿಗೆ ನಾವು ಸಲ್ಲಿಸಬೇಕಾದ ಋಣ ದೊಡ್ಡದು. ತಡವಿಲ್ಲದ ತನಿಖೆ, ಸಾಕ್ಷಿಗಳಿಗೆ ರಕ್ಷಣೆ, ಕಾಯಿದೆಯಲ್ಲಿ ಈಗಾಗಲೇ ಇರುವ ಪರಿಹಾರ ಯೋಜನೆಯ ಹಣ ಅಲೆದಾಟವಿಲ್ಲದೆ ಕೈಸೇರುವಂತೆ ಮಾಡುವುದು, ಅನಾಥವಾದ ಮಕ್ಕಳ ಓದು: ಇವು ಆ ಋಣದ ಬಾಬುಗಳು. ಮೂವತ್ತು ವರ್ಷಗಳ ಮೇಲೆ ಬರಬಹುದಾದ, ಬಾರದೆಯೂ ಇರಬಹುದಾದ ನೇಣಿನ ಭರವಸೆಯನ್ನು ಮುಂದಿಟ್ಟು ಈ ಬಾಬುಗಳನ್ನೆಲ್ಲ ನಾವು ಮರೆಸಿದ್ದೇವೆ. ಗಲ್ಲಿನ ಬೇಡಿಕೆಗಾಗಿ ಮೆರವಣಿಗೆ ಹೊರಡುವ ತರುಣರು ಒಮ್ಮೆಯಾದರೂ ಇವುಗಳಿಗಾಗಿ ತಹಶೀಲ್ದಾರರ ಕಚೇರಿಗೆ ಮನವಿಪತ್ರ ಒಯ್ದರೆ ಸತ್ತವರಿಗೆ ಸಲ್ಲುವ ನ್ಯಾಯ ಹೆಚ್ಚಾಗುತ್ತದೆ. ಮುಂದಿನ ಸಲ ಚರ್ಚಾಕೂಟಕ್ಕೆ ಈ ವಿಷಯವನ್ನು ಗೊತ್ತುಮಾಡುವ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ವಿನಂತಿ: ವಿಷಯವನ್ನು "ಕೊಲೆಗಾರನಿಗೆ ಗಲ್ಲು ತಕ್ಕುದೆ?" ಎಂದು ಬರೆಯಬೇಡಿ. "ಗಲ್ಲನ್ನು ಹಿಡಿದುಕೊಳ್ಳಲು ನಾವು ತಕ್ಕವರೆ?" ಎಂದು ಬರೆಯಿರಿ. ನನ್ನ ಉತ್ತರ ಅಲ್ಲವೆಂಬುದೇ.